ಸಂಪಾದಕರ ಉತ್ತರ: ಸಿಗರೇಟು ಪ್ಯಾಕಿನ ಚೆಲುವೆಯರು

ಕಳೆದ ಸಂಚಿಕೆಯಲ್ಲಿ ಬಂದ ಹಳೇ ಸಿಗರೇಟು ಜಾಹೀರಾತುಗಳ ಬಗ್ಗೆ ಸಾಗರದಿಂದ ಓದುಗರೊಬ್ಬರು ಬರೆದಿದ್ದಾರೆ: "ಆ ಹುಡುಗಿಯರ ಮುಖದಲ್ಲಿ ಎಂಥ ಮುಗ್ಧತೆ! ಈಗಿನ ಜಾಹೀರಾತುಗಳ ಅಸಭ್ಯತೆ ಒಂಚೂರೂ ಇಲ್ಲ. ಹನ್ನೆರಡು ಚಿತ್ರ ಆರಿಸಿ ಕ್ಯಾಲೆಂಡರ್ ಮಾಡಬಾರದೇ?"

ಚಿತ್ರಗಳು ಚೆಂದ, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಮುಗ್ಧತೆ ಅಂದಿರಲ್ಲ, ಅಲ್ಲೇ ನನ್ನ ತಕರಾರು.

ಅಮೆರಿಕದಲ್ಲಿ ಮೊದಲು ಸಿಗರೇಟನ್ನು ಕೈಯಲ್ಲೇ ಸುತ್ತುತ್ತಿದ್ದರು. ಎಷ್ಟೇ ಚುರುಕಿನ ಕೈಯಾದರೂ ದಿನಕ್ಕೆ ಎರಡು ಮೂರು ಸಾವಿರ. 1880ರ ದಶಕದಲ್ಲಿ ಸಿಗರೇಟು ಸುತ್ತುವ ಬೊನ್ಸ್ಯಾಕ್ ಯಂತ್ರ ಬಂತು. ಹತ್ತು ಗಂಟೆಯ ಅವಧಿಯಲ್ಲಿ ಸುಮಾರು 1,20,000! ಉತ್ತರ ಕೆರೊಲಿನಾದ ಸಿಗರೇಟು ಉದ್ಯಮಿ ಜೇಮ್ಸ್ ಡ್ಯೂಕ್ ಅದನ್ನೇ ನೆಚ್ಚಿಕೊಂಡ. ಮಾಲು ರಾಶಿ ಬಿತ್ತು, ಸೇದುವವರನ್ನು ಹುಡುಕಬೇಕಾಯಿತು. ಪ್ಯಾಕ್ ಆಗ ತೆಳು ಕಾಗದದ್ದು. ಸಿಗರೇಟು ನಲುಗಬಾರದೆಂದು ಒಳಗೊಂದು ರಟ್ಟಿನ ಚೂರು ಇಡುತ್ತಿದ್ದರು. ಅದನ್ನು ಸುಮ್ನೆ ಖಾಲಿ ಬಿಡುವುದೇಕೆ? ನಟಿಯರ ಚಿತ್ರ ಬಂತು. ರಿಚ್ಮಂಡ್‌ನ ಅಲೆನ್ ಅಂಡ್ ಗಿಂಟರ್ ಕಂಪನಿ 1888ರಲ್ಲಿ 'ವರ್ಲ್ಡ್ಸ್ ಬ್ಯೂಟೀಸ್' ಅಂತ 50 ಚೆಲುವೆಯರ ಸರಣಿಯನ್ನೇ ತಂದಿತು. ಐವತ್ತೂ ಬೇಕೆಂದರೆ ಪ್ಯಾಕ್ ಮೇಲೆ ಪ್ಯಾಕ್ ಕೊಳ್ಳಬೇಕು. ಶಾಲೆ ಹುಡುಗರೂ ಈ ಹುಚ್ಚಿಗೆ ಬಿದ್ದರು.

ಆಗಿನವರಿಗೂ ಇವೆಲ್ಲ ಸಭ್ಯವಾಗಿ ಕಂಡಿರಲಿಲ್ಲ. ಡ್ಯೂಕ್‌ನ ಸ್ವಂತ ಅಪ್ಪ ವಾಷಿಂಗ್ಟನ್ ಡ್ಯೂಕ್ 1894ರಲ್ಲಿ ಮಗನಿಗೆ ಕಾಗದ ಬರೆದು, ಇಂಥ ಚಿತ್ರ ಹಂಚುವುದು ತಪ್ಪು, ಹರೆಯದವರನ್ನು ಕೆಡಿಸುತ್ತದೆ ಅಂತ ಆಕ್ಷೇಪಿಸಿದ್ದ. ನೂರು ವರ್ಷ ಕಳೆದರೆ ಯಾವ ಚಿತ್ರಕ್ಕೂ ಮರ್ಯಾದೆ ಬಂದುಬಿಡುತ್ತದೆ, ಅಲ್ವಾ?

ಪ್ಯಾಕಿನ ಚಿತ್ರದಲ್ಲಿದ್ದ ಆ ಹೆಣ್ಣು ತಾನೇ ಬಹಿರಂಗವಾಗಿ ಸಿಗರೇಟು ಹಚ್ಚಿದ್ದರೆ ಊರು ಛೀಮಾರಿ ಹಾಕುತ್ತಿತ್ತು. ಗಂಡಸರನ್ನು ಹಿಡಿಯಲು ಗಾಳಕ್ಕೆ ಸಿಕ್ಕಿಸಿದ ಎರೆಹುಳ ಅವಳು. ಗಿಂಟರ್ ಕಾರ್ಖಾನೆಯಲ್ಲಿ ಸಿಗರೇಟು ಸುತ್ತುತ್ತಿದ್ದವರೂ ಎಳೆ ವಯಸ್ಸಿನ ಹುಡುಗಿಯರೇ. ಚೆಲುವೆಯರ ಸರಣಿಗೆ ಅವರು ಬೇಕಾಗಲಿಲ್ಲ. ಮಂಗಳೂರು ಕಡೆ ಬೀಡಿ ಕಟ್ಟುವ ಹೆಂಗಸರನ್ನು ಕಂಡವರಿಗೆ ಇದು ವಿಚಿತ್ರ ಅನಿಸಲಾರದು.

ಪ್ಯಾರಿಸ್‌ನಲ್ಲಿ ಅಲ್ಫೋನ್ಸ್ ಮುಖಾ ಎಂಬ ಕಲಾವಿದ 1896ರಲ್ಲಿ 'ಜೋಬ್' ಎಂಬ ಬ್ರ್ಯಾಂಡಿನ ಸಿಗರೇಟು ಸುತ್ತುವ ಕಾಗದಕ್ಕೆ ಮಾಡಿದ ಪೋಸ್ಟರ್ ಮಾತ್ರ ಬೇರೆ ಜಾತಿಯದು. ಅಲ್ಲಿ ಸೇದುತ್ತಿರುವವಳು ಹೆಣ್ಣು. ಕಣ್ಣು ಅರೆ ಮುಚ್ಚಿದೆ, ಕೂದಲು ಸುರುಳಿ ಸುರುಳಿಯಾಗಿ ಹಾಳೆ ತುಂಬಿದೆ. ನೋಡುವವರ ಗೊಡವೆಯೇ ಅವಳಿಗಿಲ್ಲ. ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ ಅದೇ. ಅದೂ ಮಾರುವ ಚಿತ್ರವೇ ಅನ್ನಿ.

ಇನ್ನು ಕ್ಯಾಲೆಂಡರ್. ಶಾಂಘೈನಲ್ಲಿ ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ ಕಂಪನಿ ನಿಮ್ಮ ಯೋಚನೆಯನ್ನು ಆಗಲೇ ಮಾಡಿ ಮುಗಿಸಿತ್ತು. ಹೊಸ ವರ್ಷಕ್ಕೆ ಪುಕ್ಕಟೆ ಕ್ಯಾಲೆಂಡರ್, ಅದರ ಮೇಲೊಬ್ಬಳು ಸುಂದರಿ. ಅಲ್ಲಿನ ಝೆಂಗ್ ಮಾಂತುವೊ ಎಂಬ ಕಲಾವಿದ ಮೊದಲು ಇದ್ದಿಲ ಪುಡಿ ತಿಕ್ಕಿ ನೆರಳು ಕೂರಿಸುತ್ತಿದ್ದ, ಅದರ ಮೇಲೆ ತೆಳುವಾಗಿ ನೀರುಬಣ್ಣ. ಕೆನ್ನೆಯಲ್ಲಿ ಒಂದು ಗೆರೆಯೂ ಕಾಣದಷ್ಟು ನುಣುಪು ಬರುತ್ತಿತ್ತು. ಮುಂದೆ ಇಂಥ ಕ್ಯಾಲೆಂಡರುಗಳಲ್ಲಿ ಹುಡುಗಿಯರು ಕೂದಲು ಕತ್ತರಿಸಿಕೊಂಡರು, ಸೈಕಲ್ ಹತ್ತಿದರು, ಗಾಲ್ಫ್ ಆಡಿದರು. ಸಿಗರೇಟು ಎಷ್ಟೋ ಸಲ ಅಂಚಿನಲ್ಲಷ್ಟೇ. ಚಿತ್ರದ ಆಸೆಗೆ ಜನ ಅದನ್ನು ಮನೆಯಲ್ಲಿ ತೂಗುಹಾಕಿದರು, ಕಂಪನಿ ಹೆಸರೂ ವರ್ಷವಿಡೀ ಗೋಡೆ ಮೇಲೆ ಉಳಿಯಿತು.

ಹಾಗಾಗಿ ಕ್ಯಾಲೆಂಡರ್ ಬೇಡ. ಬ್ರ್ಯಾಂಡ್ ಹೆಸರು ಅಳಿಸಿ ಹಾಕೋಣ ಅಂತ ನಮ್ಮ ಕಚೇರಿಯಲ್ಲೇ ಒಬ್ಬರು ಹೇಳಿದರು. ಆಗ ಆ ಚಿತ್ರ ಯಾಕೆ ಹುಟ್ಟಿತು ಅನ್ನುವುದೇ ಅಳಿಸಿಹೋಗುತ್ತದೆ. ಬದಲಿಗೆ ಶಾಂಘೈ ಚಿತ್ರಗಳನ್ನು ಹೆಸರು, ವಿವರಣೆ ಸಮೇತ ಮುಂದಿನ ಸಂಚಿಕೆಯ ಎರಡು ಪುಟಗಳಲ್ಲಿ ಕೊಡುತ್ತೇವೆ. ನೋಡಿ, ಮತ್ತೆ ಜಗಳ ಆಡೋಣ.

— ಸಂ.