ದೊಡ್ಡ ಅಡುಗೆಮನೆಯೊಳಗೊಂದು ಚಿಕ್ಕ ಅಡುಗೆಮನೆ

ಪ್ರಶ್ನೆ: ನಮ್ಮದು ಸಾಗರದ ಕಡೆಯ ಹಳೆಯ ಹೆಂಚಿನ ಮನೆ. ಅಡುಗೆಮನೆ 26 ಅಡಿ ಉದ್ದ, 15 ಅಡಿ ಅಗಲವಿದೆ. ಸೌದೆ ಉರಿಸುವ ಅಸ್ತ್ರ ಒಲೆ ಮತ್ತು ಗ್ಯಾಸ್ ಕಟ್ಟೆ ಪಶ್ಚಿಮದ ತುದಿಯಲ್ಲಿವೆ, ನೀರು ಪೂರ್ವದ ಬಚ್ಚಲಲ್ಲಿದೆ, ಫ್ರಿಜ್ ಜಗಲಿಯಲ್ಲಿದೆ. ಒಲೆಯಿಂದ ಬಚ್ಚಲಿಗೆ 22 ಅಡಿ, ಬಚ್ಚಲಿನಿಂದ ಫ್ರಿಜ್‌ಗೆ 18, ಅಲ್ಲಿಂದ ಒಲೆಗೆ 16. ಕಟ್ಟೆ 36 ಅಂಗುಲ ಎತ್ತರವಿದೆ. 5 ಅಡಿ 1 ಅಂಗುಲ ಎತ್ತರದ ನನಗೆ ಸಂಜೆಯ ಹೊತ್ತಿಗೆ ಭುಜ ಸೆಳೆಯುತ್ತದೆ. ಮಂಡಿನೋವಿನ ಅತ್ತೆಯವರು ನೆಲದಲ್ಲಿ ಕೂರಲಾರರು, ಆದರೆ ಸೌದೆ ಒಲೆಯನ್ನು ಬಿಡಲೂ ಒಪ್ಪರು. ಇಬ್ಬರು ಮಕ್ಕಳು ದೂರದ ಕೋಣೆಯಲ್ಲಿ ಓದುತ್ತಾರೆ, ನಾನು ಇಲ್ಲಿ ಒಬ್ಬಳೇ. ಗುತ್ತಿಗೆದಾರರು ನಾಲ್ಕೂ ಗೋಡೆಗೆ ಮಾಡ್ಯುಲರ್ ಕಪಾಟು ಕೂರಿಸಿ, ನಡುವೆ ಸಿಂಕ್ ಇರುವ ಕಟ್ಟೆ ಕಟ್ಟೋಣ ಎನ್ನುತ್ತಾರೆ. ಏನು ಮಾಡಲಿ?
– ಗೃಹಿಣಿ, ಶಿವಮೊಗ್ಗ ಜಿಲ್ಲೆ

ಉತ್ತರ: ಸಹೋದರಿ, ಅಳತೆಗಳನ್ನು ಇಷ್ಟು ಸ್ಪಷ್ಟವಾಗಿ ಬರೆದು ನೀವು ಅರ್ಧ ಕೆಲಸವನ್ನು ಆಗಲೇ ಮುಗಿಸಿದ್ದೀರಿ. ಒಲೆ, ನೀರು, ಫ್ರಿಜ್ ಇವುಗಳ ನಡುವಿನ ಮೂರು ದೂರಗಳನ್ನು ಕೂಡಿದರೆ 56 ಅಡಿಯಾಗುತ್ತದೆ. 1940ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ, ಇಂದಿಗೂ ಮನೆ ಕಟ್ಟುವವರು ನೆಚ್ಚಿಕೊಂಡಿರುವ ಲೆಕ್ಕದಂತೆ ಈ ಮೊತ್ತವು 26 ಅಡಿಯನ್ನು ಮೀರಬಾರದು. ಒಂದೊಂದು ದೂರವೂ 4ರಿಂದ 9 ಅಡಿಯೊಳಗೆ ಇರಬೇಕು. ನೀವು ಆ 26 ಅಡಿಯ ಎರಡು ಪಟ್ಟಿಗಿಂತಲೂ ಹೆಚ್ಚು ನಡೆಯುತ್ತಿದ್ದೀರಿ. ನಡಿಗೆಯ ದಣಿವಿಗಿಂತಲೂ ನನ್ನನ್ನು ಹೆಚ್ಚು ಕಾಡಿದ್ದು ಅನ್ನ ಬಸಿಯುವ ಹೊತ್ತು. ಕುದಿಯುವ ಗಂಜಿಯ ಪಾತ್ರೆಯನ್ನು ಮಸಿಬಟ್ಟೆಯಲ್ಲಿ ಹಿಡಿದು, ಮಕ್ಕಳು ಓಡಾಡುವ ನೆಲದ ಮೇಲೆ 22 ಅಡಿ ನಡೆದು, ಬಚ್ಚಲಿನ ಹೊಸಿಲು ದಾಟಬೇಕಲ್ಲವೇ? ಬೇರೇನನ್ನು ಮುಂದೂಡಿದರೂ ಇದನ್ನು ಮಾತ್ರ ಮೊದಲು ಸರಿಪಡಿಸಿ.

ನನ್ನ ಸಲಹೆಯೆಂದರೆ, ಇಡೀ ಕೋಣೆಯನ್ನು ತುಂಬಲು ಹೋಗದೆ ಅದರ ಒಂದು ಮೂಲೆಯಲ್ಲಿ ಚಿಕ್ಕ ಅಡುಗೆಮನೆ ಮಾಡಿಕೊಳ್ಳಿ. ನೀರಿನ ಕೊಳವೆಯೂ ಹೊರಹೋಗುವ ಚರಂಡಿಯೂ ಬಚ್ಚಲಿನ ಬಳಿ ಇರುವುದರಿಂದ ಈಶಾನ್ಯದ ಮೂಲೆಯೇ ಸೂಕ್ತ. ಬಚ್ಚಲಿನ ಗೋಡೆಗೆ ಗ್ಯಾಸ್ ಒಲೆ, ಹಿತ್ತಿಲ ಕಡೆಯ ಗೋಡೆಯಲ್ಲಿ ಕಿಟಕಿಯ ಕೆಳಗೆ ಸಿಂಕ್, ಅದೇ ಸಾಲಿನ ಕೊನೆಗೆ ಫ್ರಿಜ್ ಬರುವಂತೆ ಕಟ್ಟೆಯನ್ನು ಮೂಲೆಯಲ್ಲಿ ತಿರುಗಿಸಿ ಕಟ್ಟಿಸಿದರೆ, ಸಿಂಕ್‌ನಿಂದ ಒಲೆಗೆ 5 ಅಡಿ, ಫ್ರಿಜ್‌ಗೆ 5 ಅಡಿ, ಫ್ರಿಜ್‌ನಿಂದ ಒಲೆಗೆ ಸುಮಾರು 9 ಅಡಿಯಾಗಿ, 56 ಅಡಿಯ ಸುತ್ತು 19ಕ್ಕೆ ಇಳಿಯುತ್ತದೆ. ಒಲೆಯನ್ನು ಕಿಟಕಿಯ ಕೆಳಗೆ ಇಡಬೇಡಿ, ಗಾಳಿಗೆ ಉರಿ ಆರುತ್ತದೆ. ನಡುವಿನ ಕಟ್ಟೆಯಲ್ಲಿ ಸಿಂಕ್ ಎಂಬ ಗುತ್ತಿಗೆದಾರರ ಮಾತನ್ನೂ ಒಪ್ಪಬೇಡಿ. ಅದಕ್ಕಾಗಿ ಹಳೆಯ ನೆಲವನ್ನೆಲ್ಲ ಅಗೆಯಬೇಕಾಗುತ್ತದೆ.

ಭುಜದ ನೋವಿಗೆ ಕಟ್ಟೆಯ ಎತ್ತರವೇ ಕಾರಣವಾಗಿರಬಹುದು. ನೆಟ್ಟಗೆ ನಿಂತು ಮೊಣಕೈ ಮಡಚಿ, ನೆಲದಿಂದ ಮೊಣಕೈವರೆಗೆ ಅಳೆಯಿರಿ. ಅದಕ್ಕಿಂತ ನಾಲ್ಕರಿಂದ ಆರು ಅಂಗುಲ ಕೆಳಗೆ ಕಟ್ಟೆಯ ಮೇಲ್ಮೈ ಬರಬೇಕು. ನಿಮಗೆ ಅದು 32 ಅಥವಾ 33 ಅಂಗುಲವಾದೀತು. ಕಟ್ಟೆಯ ಮೇಲೆ ಗ್ಯಾಸ್ ಒಲೆಯ ಎತ್ತರ, ಅದರ ಮೇಲೆ ಪಾತ್ರೆಯ ಎತ್ತರ ಸೇರುತ್ತದೆ ಎಂಬುದನ್ನು ನಮ್ಮ ಗಾರೆಯವರು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಸಿಂಕ್‌ನದು ಇದಕ್ಕೆ ತದ್ವಿರುದ್ಧ: ಕೈ ಕೆಲಸ ಮಾಡುವುದು ಅದರ ತಳದಲ್ಲಿ, ಆದ್ದರಿಂದ ಆ ಭಾಗವನ್ನು ಎರಡು ಅಂಗುಲ ಏರಿಸಿದರೆ ಬೆನ್ನು ಬಾಗುವುದು ತಪ್ಪುತ್ತದೆ.

ಸೌದೆ ಒಲೆಯ ವಿಷಯದಲ್ಲಿ ನಾನು ಅತ್ತೆಯವರ ಪಕ್ಷ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ಅಸ್ತ್ರ ಕೇಂದ್ರದವರು ಕಡಿಮೆ ಸೌದೆಯಲ್ಲಿ, ಹೊಗೆ ಕೊಳವೆಯ ಮೂಲಕ ಹೊರಹೋಗುವಂತೆ ರೂಪಿಸಿದ ಒಲೆಯದು. ಅಡಿಕೆಯ ಕೊನೆಕೊಯ್ಲಿನ ಕಾಲದಲ್ಲಿ ಆಳುಕಾಳಿಗೆಲ್ಲ ಬೇಯಿಸುವಾಗ ಅದರ ಬೆಲೆ ತಿಳಿಯುತ್ತದೆ. ಅದನ್ನು ಪಶ್ಚಿಮದ ತುದಿಯಲ್ಲೇ ಉಳಿಸಿಕೊಂಡು, ನಿಂತೋ ಎತ್ತರದ ಮಣೆಯ ಮೇಲೆ ಕೂತೋ ಉರಿ ಮಾಡುವಂತೆ ಗಟ್ಟಿ ಕಟ್ಟೆಯ ಮೇಲೆ ಮತ್ತೆ ಕಟ್ಟಿಸಿ. ಕೊಳವೆಯ ಮಸಿಯನ್ನು ಆಗಾಗ ತೆಗೆಸುತ್ತಿರಿ. ಗ್ಯಾಸ್ ಇದರಿಂದ ದೂರ ಸರಿಯುವುದು ಇನ್ನೊಂದು ಲಾಭ. ಅಡುಗೆ ಅನಿಲವು ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲದ ಮೇಲೆಯೇ ಹರಡುತ್ತದೆ. ಸಿಲಿಂಡರ್ ಇರುವ ಗೂಡಿಗೆ ನೆಲಮಟ್ಟದಲ್ಲಿಯೇ ಹೊರಗೋಡೆಗೆ ಕಿಂಡಿ ಬಿಡಿಸಿ.

ಕಪಾಟಿನ ಬಗ್ಗೆ ಒಂದೇ ಮಾತು: ಮಲೆನಾಡಿನ ಮಳೆಗಾಲದಲ್ಲಿ, ಮಾಡ್ಯುಲರ್ ಕಪಾಟಿಗೆ ಬಳಸುವ ಪಾರ್ಟಿಕಲ್ ಬೋರ್ಡ್ (ಮರದ ಪುಡಿ ಒತ್ತಿ ಮಾಡಿದ ಹಲಗೆ) ಉಬ್ಬುತ್ತದೆ. ಕಟ್ಟೆಯ ಕೆಳಗೆ ಕಡಪಾ ಕಲ್ಲಿನ ಹಲಗೆ ಸಾಕು. ಮಿಡಿ ಉಪ್ಪಿನಕಾಯಿಯ ಭರಣಿಯೂ ಹಪ್ಪಳದ ಡಬ್ಬವೂ ನಿತ್ಯ ಬೇಕಾಗುವಂಥವಲ್ಲ, ಅವು ಉಗ್ರಾಣದಲ್ಲೇ ಇರಲಿ. ಕಟ್ಟೆಯ ಮೇಲಿನ ಮಾಡಿನಲ್ಲಿ ನಾಲ್ಕು ಗಾಜಿನ ಹೆಂಚು ಹಾಕಿಸಿದರೆ ಹಗಲಿನಲ್ಲಿ ದೀಪ ಬೇಡ. ರಾತ್ರಿಯ ದೀಪವನ್ನು ನಿಮ್ಮ ಬೆನ್ನ ಹಿಂದೆ ಹಾಕಿಸಬೇಡಿ, ಹೆಚ್ಚುವ ತರಕಾರಿಯ ಮೇಲೆ ನಿಮ್ಮದೇ ನೆರಳು ಬೀಳುತ್ತದೆ.

ಉಳಿಯುವ ನಡುಭಾಗವನ್ನು ಮನೆಮಂದಿಗೆ ಬಿಟ್ಟುಕೊಡಿ. ಕಟ್ಟೆಯಿಂದ ನಾಲ್ಕು ಅಡಿ ಬಿಟ್ಟು 29 ಅಂಗುಲ ಎತ್ತರದ ಉದ್ದನೆಯ ಮೇಜು ಹಾಕಿದರೆ, ಅತ್ತೆಯವರು ಕುರ್ಚಿಯಲ್ಲಿ ಕೂತು ಸೊಪ್ಪು ಸೋಸಬಹುದು, ಮೇಜಿಗೆ ಬಿಗಿಯುವ ತುರಿಮಣೆಯಲ್ಲಿ ಕಾಯಿ ತುರಿಯಬಹುದು. ಮಕ್ಕಳು ಇನ್ನೊಂದು ಬದಿಯಲ್ಲಿ ಮಗ್ಗಿ ಬರೆಯುತ್ತ ನಿಮ್ಮ ಕಣ್ಣಳತೆಯಲ್ಲಿಯೇ ಇರುತ್ತಾರೆ. ಸಮಾರಾಧನೆಯ ದಿನ ಮೇಜು ಸರಿಸಿದರೆ ಪಂಕ್ತಿಗೆ ನೆಲ ಸಿಗುತ್ತದೆ.

ಕೊಯ್ಲು ಮುಗಿದ ಮೇಲೆ, ಮಳೆ ಹಿಡಿಯುವ ಮೊದಲು ಕೆಲಸ ಹಿಡಿಸಿ. ಅದಕ್ಕೂ ಮುನ್ನ ಹೊಸ ಕಟ್ಟೆಯ ಗೆರೆಗಳನ್ನು ಸುಣ್ಣದಲ್ಲಿ ನೆಲದ ಮೇಲೆ ಎಳೆದು, ಅಲ್ಲಿ ಹಳೆಯ ಬೆಂಚುಗಳನ್ನು ಇಟ್ಟು, ಎರಡು ವಾರ ಹಾಗೆಯೇ ಅಡುಗೆ ಮಾಡಿ ನೋಡಿ. ಆ ಹದಿನೈದು ದಿನಗಳಲ್ಲಿ ನೀವಾಗಲಿ ಅತ್ತೆಯವರಾಗಲಿ ಒಂದು ಬೆಂಚನ್ನು ಅರ್ಧ ಅಡಿ ಅತ್ತಿತ್ತ ಸರಿಸಿದರೆ, ಸರಿಸಿದ ಆ ಗೆರೆಯನ್ನೇ ಗಾರೆಯವರಿಗೆ ತೋರಿಸಿ.