ಡ್ಯಾಂನಲ್ಲಿ ನೀರಿದೆ, ಹೊಲದಲ್ಲಿ ಬರ: ವೇದಾವತಿ ಕಣಿವೆಯ ಲೆಕ್ಕ

ಪ್ರಶ್ನೆ: ನಮ್ಮದು ಚಳ್ಳಕೆರೆ ತಾಲ್ಲೂಕು, ಮಳೆಯಾಶ್ರಿತ ಶೇಂಗಾ ಹೊಲ. ವಾಣಿವಿಲಾಸ ಸಾಗರದಲ್ಲಿ ನೀರಿದ್ದ ವರ್ಷವೂ ನಮ್ಮ ಬೆಳೆ ಒಣಗಿದ್ದುಂಟು. ವರ್ಷದ ಲೆಕ್ಕ ನೋಡಿದರೆ ಮಳೆ ವಾಡಿಕೆಯಷ್ಟೇ ಇರುತ್ತದೆ. ಹಾಗಾದರೆ ಬರವನ್ನು ಅಳೆಯುವುದು ಹೇಗೆ ಸ್ವಾಮಿ?

ಉತ್ತರ: ಡ್ಯಾಂ ಮಟ್ಟ ನೋಡಿ ನಿಮ್ಮ ಹೊಲದ ಬರ ಹೇಳಲು ಬರುವುದಿಲ್ಲ. ಆ ನೀರು ನಿಮ್ಮ ಮೇಲೆ ಸುರಿದದ್ದಲ್ಲ. ವೇದಾ, ಅವತಿ ಹೊಳೆಗಳು ಬಾಬಾಬುಡನ್‌ಗಿರಿಯ ಪೂರ್ವದ ಇಳಿಜಾರಿನಲ್ಲಿ ಹುಟ್ಟಿ, ಕಡೂರಿನ ಹತ್ತಿರ ಕೂಡಿ ವೇದಾವತಿಯಾಗಿ, ಹೊಸದುರ್ಗ ದಾಟಿ ಮಾರಿಕಣಿವೆಗೆ, ಅಂದರೆ ವಾಣಿವಿಲಾಸ ಸಾಗರಕ್ಕೆ ಬರುತ್ತವೆ. ಈಚೆಗೆ ಭದ್ರಾ ನೀರೂ ಸೇರುತ್ತಿದೆ. ಅಷ್ಟಾಗಿಯೂ 1933ರಲ್ಲಿ ಕೋಡಿ ಬಿದ್ದ ಈ ಜಲಾಶಯ ಮತ್ತೆ ಕೋಡಿ ಬಿದ್ದದ್ದು 89 ವರ್ಷದ ನಂತರ, 2022ರಲ್ಲಿ. ಇನ್ನು ಚಳ್ಳಕೆರೆಯೋ, ಇಡೀ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲೊಂದು. ವಾಡಿಕೆಯೇ 500 ಮಿ.ಮೀ. ಆಸುಪಾಸು.

ವರ್ಷದ ಮೊತ್ತವೂ ಅಷ್ಟೇ, ನಂಬುವಂಥದ್ದಲ್ಲ. ಶೇಂಗಾ ಹೂಬಿಟ್ಟು ಊಡು (ಮಣ್ಣಿಗಿಳಿದು ಕಾಯಾಗುವ ಎಳೆ) ಇಳಿಸುವ ಹೊತ್ತಿಗೆ ಮಣ್ಣು ಹಸಿಯಾಗಿರಬೇಕು. ಆಗಸ್ಟ್-ಸೆಪ್ಟೆಂಬರ್‌ನ ಮಘೆ, ಹುಬ್ಬೆ ಮಳೆ ಕೈಕೊಟ್ಟು ಅಕ್ಟೋಬರ್‌ನ ಚಿತ್ತೆಯಲ್ಲಿ ಒಂದೇ ಸಮನೆ ಸುರಿದರೆ ಲೆಕ್ಕದ ಪುಸ್ತಕ ತುಂಬುತ್ತದೆ, ಗಿಡದಲ್ಲಿ ಕಾಯಿ ಇರುವುದಿಲ್ಲ. ಕೆಂಪು ಮಸಾರಿ ಹೊಲವಾದರೆ ಇನ್ನೂ ಕಷ್ಟ. ಕಪ್ಪು ಎರೆ ಭೂಮಿಯಷ್ಟು ದಿನ ಅದು ತೇವ ಹಿಡಿಯದು. ಕೇಂದ್ರದ 2016ರ ಬರ ನಿರ್ವಹಣಾ ಕೈಪಿಡಿ ಮಳೆ ಕೊರತೆಯ ಜೊತೆಗೆ ಮೂರು-ನಾಲ್ಕು ವಾರಗಳ ಮಳೆ ಬಿಡುವನ್ನೂ ಲೆಕ್ಕಕ್ಕೆ ತೆಗೆದುಕೊಂಡಿರುವುದು ಇದೇ ಕಾರಣಕ್ಕೆ. ನನ್ನ ಕೇಳಿದರೆ, ನಿಮ್ಮ ಸೀಮೆಗೆ ಎಲ್ಲಕ್ಕಿಂತ ಮುಖ್ಯವಾದ ಅಳತೆ ಆ ಬಿಡುವೇ.

ನದಿ ಕಣಿವೆ ಇಡಿಯಾಗಿ ನೋಡುವವರು ಎಸ್‌ಪಿಐ ಎಂಬ ಮಳೆ ಸೂಚ್ಯಂಕ ಬಳಸುತ್ತಾರೆ. ಕನಿಷ್ಠ 30 ವರ್ಷದ ಮಳೆಯ ಜೊತೆ ಈ ಸಲದ ಮಳೆಯನ್ನು ಹೋಲಿಸುವ ಲೆಕ್ಕ ಅದು. ಸೊನ್ನೆಯ ಹತ್ತಿರ ಇದ್ದರೆ ವಾಡಿಕೆ, ಮೈನಸ್ 1ಕ್ಕಿಂತ ಕೆಳಗಿಳಿದರೆ ಬರ, ಮೈನಸ್ 2 ದಾಟಿದರೆ ಘೋರ ಬರ. ಎಷ್ಟು ತಿಂಗಳ ಲೆಕ್ಕ ಎಂಬುದನ್ನು ಮಾತ್ರ ಕೇಳಲೇಬೇಕು. ಬೆಳೆಗೆ ಒಂದರಿಂದ ಮೂರು ತಿಂಗಳದ್ದು ಬೇಕು, ಕೆರೆ-ಬೋರ್‌ವೆಲ್‌ಗೆ 12 ತಿಂಗಳು ಅಥವಾ ಹೆಚ್ಚಿನದು. 12 ತಿಂಗಳ ನಕ್ಷೆಯಲ್ಲಿ ಹಸಿರಾಗಿ ಕಾಣುವ ಹೋಬಳಿ ಆಗಸ್ಟ್‌ನ ಒಂದು ತಿಂಗಳ ನಕ್ಷೆಯಲ್ಲಿ ಕೆಂಪಾಗಿರಬಹುದು. ನಿಮಗಾಗಿರುವುದು ಅದೇ.

ಅಪಾಯದ ಮಾತು ಬೇರೆ. ಸೂಚ್ಯಂಕ ಒಂದೇ ಇದ್ದರೂ ಹಿರಿಯೂರಿನಲ್ಲಿ ಡ್ಯಾಂ ನಾಲೆ ಕೆಳಗಿನ ತೋಟಕ್ಕೂ ನಿಮ್ಮ ಹೊಲಕ್ಕೂ ಬೀಳುವ ಪೆಟ್ಟು ಒಂದೇ ಅಲ್ಲ. ಆದ್ದರಿಂದ ನೀರಾವರಿ ಎಷ್ಟು, ಬೋರ್‌ವೆಲ್ ಎಷ್ಟು ಆಳಕ್ಕೆ ಇಳಿದಿದೆ, ಮೇವು ಎಷ್ಟು ತಿಂಗಳಿಗಿದೆ, ಎಷ್ಟು ಮನೆಗಳು ಒಂದೇ ಬೆಳೆ ನಂಬಿವೆ ಎಂಬುದನ್ನು ಮಳೆ ನಕ್ಷೆಯ ಮೇಲೆ ಕೂರಿಸಿ ನೋಡಬೇಕು.

1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಶುರುವಾದ, ಈಗಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕ ಇಟ್ಟಿದೆ. ಅಲ್ಲಿನ ದಿನವಾರು ಮಳೆ ತೆಗೆದುಕೊಂಡು, ಬಿತ್ತಿದ 30ನೇ ದಿನದಿಂದ 80ನೇ ದಿನದವರೆಗೆ ಮಳೆಯಿಲ್ಲದ ಅತಿ ದೊಡ್ಡ ಬಿಡುವು ಎಷ್ಟು ದಿನದ್ದು ಎಂದು ವರ್ಷ ವರ್ಷಕ್ಕೆ ಬರೆದಿಡಿ. ಪಕ್ಕದಲ್ಲೇ ಆ ವರ್ಷ ಎಕರೆಗೆ ಬಂದ ಚೀಲದ ಲೆಕ್ಕವೂ ಇರಲಿ.