15 ದಿನಕ್ಕೆ ಅಂತ ಬಂದ ನಾಯಿ

ಈ ಪ್ರಕರಣದಲ್ಲಿ ಬರುವವರ ಹೆಸರು, ಬಡಾವಣೆ, ಕೆಲಸ ಎಲ್ಲ ಬದಲಾಯಿಸಿದ್ದೇನೆ. ಮನೆಯವರೆಲ್ಲ ಓದಿ ಒಪ್ಪಿದ್ದಾರೆ. ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದವರನ್ನು ಇಲ್ಲಿ ಶೋಭಾ ಅಂತ ಕರೆಯುತ್ತೇನೆ. ವಯಸ್ಸು 36, ದಾವಣಗೆರೆಯ ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ನಾಯಿಯ ಹೆಸರನ್ನೂ ಬದಲಾಯಿಸಬೇಕಾಯಿತು, ಅದರ ಫೋಟೋ ಊರಿನ ಎಷ್ಟೋ ಮೊಬೈಲ್‌ಗಳಲ್ಲಿ ಓಡಾಡಿದೆ. ಇಲ್ಲಿ ಅದು ರಾಜ.

ಶೋಭಾ ಮೊದಲ ಸಲ ಬಂದಾಗ ಕೈಯಲ್ಲಿ ದೊಡ್ಡ ಕವರ್ ಇತ್ತು. ಕುರ್ಚಿಯಲ್ಲಿ ಕೂರುವ ಮೊದಲೇ ಅದರಿಂದ ಎಕ್ಸ್‌ರೇ ತೆಗೆದು ಕಿಟಕಿ ಬೆಳಕಿಗೆ ಹಿಡಿದರು.

"ನೋಡಿ ಮೇಡಂ, ಈ ಕಡೆ ತೊಡೆ ಮೂಳೆಯ ಗುಂಡು ಗುಳಿಯೊಳಗೆ ಸರಿಯಾಗಿ ಕೂತಿದೆ. ಈ ಕಡೆ ನೋಡಿ, ಜಾರಿ ಮೇಲಕ್ಕೆ ಹೋಗಿಬಿಟ್ಟಿದೆ. 5 ವಾರ ಹಿಂಗೇ ನಡೆದಿದೆ ಅದು. ನನ್ನ ಮನೆಯಲ್ಲೇ, ನನ್ನ ಕಣ್ಣೆದುರಿಗೇ."

ನನ್ನ ಹತ್ತಿರ ಬರುವವರು ಸಾಮಾನ್ಯವಾಗಿ ನಿದ್ದೆ ಬರ್ತಿಲ್ಲ, ಮನೆಯಲ್ಲಿ ಜಗಳ ಅಂತ ಮಾತು ಶುರು ಮಾಡುತ್ತಾರೆ. ಇವರಿಗೂ ಎರಡೂ ಇತ್ತು. ಆದರೆ ಅದು ಬಾಯಿಗೆ ಬಂದಿದ್ದು ಮುಕ್ಕಾಲು ಗಂಟೆ ಕಳೆದ ಮೇಲೆ.

ನಡೆದದ್ದು ಇಷ್ಟು. ಹರಿಹರದ ಕಡೆಯ ಹೆದ್ದಾರಿ ಪಕ್ಕದ ಸರ್ವೀಸ್ ರಸ್ತೆಯಲ್ಲಿ ರಾಜನಿಗೆ ಯಾವುದೋ ಗಾಡಿ ಗುದ್ದಿತ್ತು. ಲ್ಯಾಬ್ರಡಾರ್ ಮಿಶ್ರ ತಳಿ, 2 ವರ್ಷ ಇರಬಹುದು. ಕೊರಳಲ್ಲಿ ಬೆಲ್ಟ್ ಕಟ್ಟಿದ ಗುರುತು ಇನ್ನೂ ಇತ್ತು. ಯಾರೋ ಸಾಕಿ ಬಿಟ್ಟುಹೋದದ್ದು. ಬೀದಿ ನಾಯಿಗಳಿಗೆ ಸಹಾಯ ಮಾಡುವ ಕೆಲವು ಕಾಲೇಜು ಹುಡುಗರು ಎತ್ತಿಕೊಂಡು ಶೋಭಾ ಮನೆಗೆ ತಂದರು. "ಅಕ್ಕ, ಒಂದು 15 ದಿನ ಇಟ್ಕೊಳ್ಳಿ, ಅಷ್ಟರಲ್ಲಿ ಒಳ್ಳೇ ಮನೆ ಹುಡುಕ್ತೀವಿ" ಅಂದರು. ಹೀಗೆ ಬೇರೆ ಮನೆ ಸಿಗುವ ತನಕ ಇಟ್ಟುಕೊಂಡು ನೋಡಿಕೊಳ್ಳುವುದಕ್ಕೆ ಈ ಹುಡುಗರು ಫಾಸ್ಟರ್ ಅಂತಾರೆ. ಖರ್ಚು ಯಾರದ್ದು, ನಿರ್ಧಾರ ಯಾರದ್ದು ಅನ್ನುವ ಮಾತೇ ಬರಲಿಲ್ಲ. ಆ ಹೊತ್ತಿಗೆ ಅದು ಯಾರಿಗೂ ಹೊಳೆಯುವುದೂ ಇಲ್ಲ, ಅಲ್ವಾ? ಮುಂದೆ ನರಳುವ ಪ್ರಾಣಿ ಇರುತ್ತೆ.

ಗಾಯ ಒಣಗಿತು, ಕುಂಟುವುದು ನಿಲ್ಲಲಿಲ್ಲ. ಪೆಟ್ಟು ಬಿದ್ದಿದೆ, ನಿಧಾನಕ್ಕೆ ಸರಿಹೋಗುತ್ತೆ ಅಂತ ಎಲ್ಲರೂ ಕಾದರು. 5 ವಾರದ ಮೇಲೆ ಎಕ್ಸ್‌ರೇ ತೆಗೆಸಿದಾಗ ಗೊತ್ತಾಯಿತು, ಬಲಗಾಲಿನ ಸೊಂಟದ ಕೀಲು ತಪ್ಪಿದೆ. ಮೊದಲ ಕೆಲವು ದಿನಗಳಲ್ಲೇ ಬಂದಿದ್ದರೆ ಅರಿವಳಿಕೆ ಕೊಟ್ಟು, ಕೊಯ್ಯದೆ ಕೈಯಿಂದಲೇ ಕೀಲು ಕೂರಿಸಲು ನೋಡಬಹುದಿತ್ತು, ಈಗ ಆಪರೇಷನ್ನೇ ಬೇಕು ಅಂದರು ಡಾಕ್ಟರು. ಅವರು ಮಾಹಿತಿ ಅಂತ ಹೇಳಿದ ಮಾತು. ಶೋಭಾ ಕಿವಿಗೆ ಅದು ತೀರ್ಪಾಗಿ ಬಿತ್ತು.

ಆಪರೇಷನ್‌ನಲ್ಲಿ ಎರಡು ದಾರಿ. ಒಂದು, ಇಡೀ ಕೀಲನ್ನೇ ತೆಗೆದು ಕೃತಕ ಕೀಲು ಹಾಕುವುದು. ಅದನ್ನು ಮಾಡುವವರು ಕೆಲವೇ ಕಡೆ ಇದ್ದಾರೆ. ಇವರಿಗೆ ಹೇಳಿದ ಅಂದಾಜು 3 ಲಕ್ಷದ ಮೇಲೆ. ಇನ್ನೊಂದು, ತೊಡೆ ಮೂಳೆಯ ಗುಂಡನ್ನು ಮಾತ್ರ ಕತ್ತರಿಸಿ ತೆಗೆಯುವುದು. ಆಮೇಲೆ ಸುತ್ತಲಿನ ಸ್ನಾಯು, ನಾರುಗಳೇ ಗಟ್ಟಿಯಾಗಿ ಆ ಜಾಗ ಹಿಡಿದುಕೊಳ್ಳುತ್ತವೆ. ಕಾಲು ಕೊಂಚ ಗಿಡ್ಡ ಆಗಬಹುದು, ಆದರೆ ಮೂಳೆಗೆ ಮೂಳೆ ಉಜ್ಜುವ ನೋವು ಹೋಗುತ್ತೆ. ಇದರ ಖರ್ಚು ತುಂಬಾ ಕಡಿಮೆ. ನಾಯಿಯ ತೂಕ ಕಡಿಮೆ ಇದ್ದಷ್ಟೂ ಇದು ಚೆನ್ನಾಗಿ ಹೊಂದುತ್ತೆ.

ಶೋಭಾ ಎರಡನೆಯದರ ಮಾತನ್ನೇ ಎತ್ತಲು ಬಿಡುತ್ತಿರಲಿಲ್ಲ. "ಅಗ್ಗದ್ದು ಅಂತ ಮಾಡಿಸೋದಾ ಮೇಡಂ? ಅದಕ್ಕೆ ನಾನೇ ಅಲ್ವಾ ಮೋಸ ಮಾಡಿದ್ದು?"

ನಾನು ನೋಟ್‌ಬುಕ್‌ನಲ್ಲಿ ಅಡಿಗೆರೆ ಹಾಕಿದ್ದು ಈ ಮಾತಿಗೆ. ದುಡ್ಡು ಎಲ್ಲಿಂದ ತರ್ತೀರಿ ಅಂತ ಕೇಳಿದೆ. ತುಂಬಾ ಹೊತ್ತು ಸುಮ್ನಿದ್ದರು. ಆಮೇಲೆ ಸೀರೆಯ ಸೆರಗನ್ನು ಮಣಿಕಟ್ಟಿನ ಮೇಲಿಂದ ಸರಿಸಿದರು. ಒಂದು ಕೈಯಲ್ಲಿ ಬಂಗಾರದ ಬಳೆ, ಇನ್ನೊಂದರಲ್ಲಿ ಗಾಜಿನ ಬಳೆ ಮಾತ್ರ. ಎರಡು ಬಳೆ ಅಡವಿಟ್ಟು 80 ಸಾವಿರ ತಂದಿದ್ದರು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಬಡ್ಡಿ ಕಟ್ಟುವ ದಿನದ ಮೆಸೇಜ್ ಬಂದಾಗ ಫೋನ್ ಗಂಡನ ಕೈಯಲ್ಲಿತ್ತು.

ಅವತ್ತಿನಿಂದ ಮನೆಯಲ್ಲಿ ಮಾತಿಲ್ಲ. ಅತ್ತೆ ಮಾತ್ರ ಒಂದು ಮಾತು ಆಡಿದ್ದರಂತೆ: "ನನ್ನ ಮೊಣಕಾಲಿಗೆ ಇಲ್ಲದ ದುಡ್ಡು ನಾಯಿ ಸೊಂಟಕ್ಕೆ ಬಂತಲ್ಲ." ಅದನ್ನು ಹೇಳುವಾಗ ಶೋಭಾ ಅತ್ತರು.

ನಾನು ಇಲ್ಲಿ ಒಂದು ತಪ್ಪು ಮಾಡಿದೆ, ಅದನ್ನು ಬರೆಯಬೇಕು. ಮೊದಲ ದಿನ ಕೇಳಿದ್ದರಲ್ಲಿ ಗಂಡನನ್ನು ಕಲ್ಲು ಮನಸ್ಸಿನವರು ಅಂತ ಅಂದುಕೊಂಡುಬಿಟ್ಟೆ. ಎರಡನೇ ವಾರ ಅವರನ್ನೂ ಕರೆಸಿದೆ. ಸಣ್ಣ ಅಂಗಡಿ ಇಟ್ಟುಕೊಂಡಿರುವವರು, ಮಾತು ಕಡಿಮೆ. ನಾಯಿ ಬೆಳಿಗ್ಗೆ ಹೇಗೆ ಏಳುತ್ತೆ ಅಂತ ಕೇಳಿದೆ. ಸುಮ್ನೆ ಮಾತು ಶುರುವಾಗಲಿ ಅಂತ ಕೇಳಿದ ಪ್ರಶ್ನೆ. ಅವರು ಕುರ್ಚಿಯಿಂದ ಎದ್ದೇ ತೋರಿಸಿದರು. "ಹಳೇ ಲುಂಗಿ ಇದೆ ಮೇಡಂ, ಅದನ್ನ ಮಡಚಿ ಹೊಟ್ಟೆ ಕೆಳಗೆ ಹಾಕ್ತೀನಿ. ಎರಡೂ ತುದಿ ಹಿಡಿದು ಹಿಂದಿನ ಭಾಗ ಮೆಲ್ಲಗೆ ಎತ್ತಿದ್ರೆ ಅದು ಮುಂದಿನ ಕಾಲಲ್ಲಿ ನಡೀತದೆ. 5 ಗಂಟೆಗೆ ಹೊರಗೆ ಕರ್ಕೊಂಡು ಹೋಗ್ಬೇಕು, ಇಲ್ಲಾಂದ್ರೆ ಒಳಗೇ ಆಗಿಬಿಡ್ತದೆ, ಆಮೇಲೆ ಅದಕ್ಕೇ ನಾಚಿಕೆ." 3 ತಿಂಗಳಿಂದ ದಿನಾ ಈ ಕೆಲಸ ಮಾಡುತ್ತಿದ್ದವರು ಅವರು. "ನಾಯಿ ಬೇಡ ಅಂತ ನಾನು ಯಾವತ್ತೂ ಅಂದಿಲ್ಲ ಮೇಡಂ. ಕೇಳದೆ ಬಳೆ ಇಟ್ಟಳಲ್ಲ, ಅದು ಚುಚ್ತು."

ಶೋಭಾ ಗಂಡನ ಮುಖ ನೋಡಿದರು. ಎಷ್ಟೋ ದಿನದ ಮೇಲೆ ನೋಡಿದ್ದು ಅನಿಸಿತು ನನಗೆ.

ಅವತ್ತು ಶೋಭಾಗೆ ನಾನು ಹೇಳಿದ್ದು ಇದು. ಈಗ ನೀವು ಹೊಂದಿಸುತ್ತಿರುವ ದುಡ್ಡಲ್ಲಿ ಚಿಕಿತ್ಸೆಯ ಖರ್ಚು ಒಂದು ಪಾಲು. ಉಳಿದದ್ದು ನಿಮಗೆ ನೀವೇ ಹಾಕಿಕೊಂಡ ದಂಡ. ದಂಡ ಕಟ್ಟಲು ಹೊರಟವರಿಗೆ ಕಡಿಮೆ ಖರ್ಚಿನ ದಾರಿ ಯಾವತ್ತೂ ಸರಿ ಅನಿಸುವುದಿಲ್ಲ. ಎಷ್ಟು ದುಬಾರಿಯೋ ಅಷ್ಟು ಪಾಪ ಕಳೆಯಿತು ಅನಿಸುತ್ತೆ. ರಾಜನಿಗೆ ಈ ಲೆಕ್ಕ ಗೊತ್ತಿಲ್ಲ. ಅದಕ್ಕೆ ನೋವು ಹೋಗಬೇಕು, ನಡೆಯಲು ಬರಬೇಕು, ಅಷ್ಟೇ. 5 ವಾರ ಕಾದದ್ದು ತಪ್ಪೇ ಇರಬಹುದು. ಹುಡುಗರೂ ಕಾದರು, ಮೊದಲು ಮದ್ದು ಕೊಟ್ಟವರೂ ಕಾದರು. ಅದರಲ್ಲಿ ನಿಮ್ಮ ಪಾಲು ಎಷ್ಟೋ ಅಷ್ಟನ್ನು ಮಾತ್ರ ಹೊತ್ತುಕೊಳ್ಳಿ. ಆ ತಪ್ಪನ್ನು ಬೇರೆ ಲೆಕ್ಕದಲ್ಲಿ ಇಡಿ, ಆಪರೇಷನ್ ಯಾವುದು ಅನ್ನುವ ಲೆಕ್ಕದಲ್ಲಿ ಬೆರೆಸಬೇಡಿ.

ಅವರು ಒಪ್ಪಿಕೊಂಡರು ಅಂತ ಹೇಳಲಾರೆ. "ಯೋಚನೆ ಮಾಡ್ತೀನಿ" ಅಂದರು.

ನಾನು ಪಶುವೈದ್ಯೆ ಅಲ್ಲ, ಯಾವ ಆಪರೇಷನ್ ಅಂತ ಹೇಳುವುದು ನನ್ನ ಕೆಲಸವೂ ಅಲ್ಲ. ಆದರೆ ಡಾಕ್ಟರ ಹತ್ತಿರ ಏನು ಕೇಳಬೇಕು ಅಂತ ಕೂತು ಬರೆದುಕೊಂಡೆವು. ಆಪರೇಷನ್ ಮಾಡಿಸದೆ, ತೂಕ ಇಳಿಸಿ, ಮಾತ್ರೆ ಕೊಟ್ಟು ಇಟ್ಟುಕೊಂಡರೆ ಏನಾಗುತ್ತೆ? ಇವತ್ತಿನ ನೋವಿಗೆ ಏನು ಮಾಡಬೇಕು? ಗುಂಡು ತೆಗೆಸಿದರೆ ಈ ನಾಯಿಯ ತೂಕಕ್ಕೆ ನಡೆಯುತ್ತಾ? ಆಮೇಲಿನ ವಾರಗಳಲ್ಲಿ ದಿನಕ್ಕೆ ಎಷ್ಟು ಹೊತ್ತು, ಯಾರು ಜೊತೆಗಿರಬೇಕು? ಈ ಕೊನೆಯ ಪ್ರಶ್ನೆಯನ್ನು ಬಹಳ ಜನ ಕೇಳುವುದೇ ಇಲ್ಲ. ಬಿಲ್ ಕಟ್ಟಿದ ಮೇಲೇ ನಿಜವಾದ ಕೆಲಸ ಶುರುವಾಗುವುದು. ಬೆಂಗಳೂರು ನಮಗೆ 260 ಕಿಲೋಮೀಟರ್. ಶಿವಮೊಗ್ಗ ಹತ್ತಿರ, ಅಲ್ಲಿ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಅಲ್ಲೊಂದು ಅಭಿಪ್ರಾಯ ತಗೊಳ್ಳಿ ಅಂದೆ.

ದುಡ್ಡಿನ ವಿಷಯಕ್ಕೆ ಒಂದೇ ಕಟ್ಟುಪಾಡು ಹಾಕಿದೆ. ಗಂಡ ಹೆಂಡತಿ ಇಬ್ಬರೂ ಕೂತು ಒಂದು ಮೊತ್ತ ಹೇಳಬೇಕು, ಅದನ್ನು ಅತ್ತೆಯ ಎದುರಿಗೂ ಬಾಯಿಬಿಟ್ಟು ಹೇಳಲು ಆಗಬೇಕು. ಹೇಳಲು ಗಂಟಲು ಕಟ್ಟಿದರೆ ಮೊತ್ತ ಜಾಸ್ತಿಯಾಗಿದೆ ಅಂತ ಅರ್ಥ. ಡಾಕ್ಟರ ಹತ್ತಿರ ಹೋಗುವ ಮೊದಲೇ ಇದು ಆಗಬೇಕು. ಆಪರೇಷನ್ ಟೇಬಲ್ ಪಕ್ಕ ನಿಂತು ಯಾರಿಗೂ ಬೇಡ ಅನ್ನಲು ಬರುವುದಿಲ್ಲ.

ಅವರು 30 ಸಾವಿರ ಅಂದರು.

ಅತ್ತೆಯನ್ನು ಭೇಟಿಯಾಗಲು ನಾನೇ ಅವರ ಮನೆಗೆ ಹೋದೆ. ನನ್ನ ಕೋಣೆ ಮೊದಲ ಮಹಡಿಯಲ್ಲಿದೆ, ಅವರಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ. ಒಳಗೆ ಹೋದರೆ ಹಾಲ್ ತುಂಬ ಗೋಣಿಚೀಲ ಹಾಸಿದ್ದರು. ನುಣುಪು ಟೈಲ್ಸ್ ಮೇಲೆ ರಾಜನ ಹಿಂಗಾಲು ಜಾರುತ್ತೆ, ಅದಕ್ಕೆ. ಒಳ್ಳೆಯ ಕೆಲಸ ಅದು. ಖರ್ಚಿಲ್ಲ, ನೋವು ಎಷ್ಟೋ ತಪ್ಪುತ್ತೆ. ನಾಯಿ ನನ್ನ ನೋಡಿ ಬಾಲ ಆಡಿಸಿ ಏಳಲು ನೋಡಿತು. ಮುಂಗಾಲು ಊರಿ, ಎಡಗಡೆಗೆ ಪೂರ್ತಿ ಭಾರ ಹಾಕಿ, ಒಂದು ಕ್ಷಣ ನಿಂತು, ಆಮೇಲೆ ಸೊಂಟ ಎಳೆದುಕೊಂಡಿತು. ಅಷ್ಟರಲ್ಲಿ ಅತ್ತೆ "ಬರ್ರೀ" ಅಂತ ಕುರ್ಚಿಯಿಂದ ಏಳಲು ಹೊರಟರು. ಕೈ ಎರಡೂ ಕುರ್ಚಿ ಹಿಡಿಯ ಮೇಲೆ, ಭಾರ ಒಂದೇ ಕಾಲಿಗೆ, ನಡುವೆ ಒಂದು ಕ್ಷಣ ನಿಲುವು. ಇಬ್ಬರೂ ಏಳುವ ರೀತಿ ಒಂದೇ ಇತ್ತು. ಆ ಹಾಲ್‌ನಲ್ಲಿ ದಿನಾ ಓಡಾಡುವವರ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಮಂಡಕ್ಕಿ, ಮಿರ್ಚಿ ತಂದಿಟ್ಟರು. ಅತ್ತೆಗೆ ನಾಯಿಯ ಮೇಲೆ ಸಿಟ್ಟಿರಬಹುದು ಅಂದುಕೊಂಡು ಹೋಗಿದ್ದೆ. ಅವರ ಬೆರಳು ರಾಜನ ಕಿವಿ ಹಿಂದೆ ಆಡುತ್ತಿತ್ತು. "ಇದೇನ್ ಮಾಡೀತು, ಮೂಕ ಪ್ರಾಣಿ" ಅಂದರು. ಮೊಣಕಾಲಿನ ಮಾತು ಕೇಳಿದೆ. ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: "2 ವರ್ಷದ ಹಿಂದೆ ಮಗ ಕೇಳಿದ್ದ. ಈ ವಯಸ್ಸಲ್ಲಿ ಯಾಕಪ್ಪ ಖರ್ಚು, ಬೇಡ ಅಂದೆ. ಆಮ್ಯಾಲೆ ಯಾರೂ ಇನ್ನೊಂದ್ಸಲ ಕೇಳಲಿಲ್ಲ."

ಮಗ ಬಾಗಿಲಲ್ಲಿ ನಿಂತಿದ್ದರು. ನಮ್ಮ ಮನೆಗಳಲ್ಲಿ ಹಿರಿಯರು ಮೊದಲ ಸಲ ಬೇಡ ಅನ್ನುವುದು ಮರ್ಯಾದೆಗೆ. ಎರಡನೇ ಸಲ ಕೇಳಲಿ ಅಂತ ಒಳಗೆ ಕಾಯುತ್ತಿರುತ್ತಾರೆ. ಅದನ್ನು ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಅವರು ಬಂದು ಅವ್ವನ ಪಕ್ಕ ಗೋಣಿಚೀಲದ ಮೇಲೇ ಕೂತರು. "ನಾಳೆ ಹೋಗಾಣ ಬಾ ಅವ್ವಾ" ಅಂದರು. ಊರಲ್ಲೇ ಎರಡು ಮೆಡಿಕಲ್ ಕಾಲೇಜು ಇದ್ದರೂ 2 ವರ್ಷದಿಂದ ಆ ಮೊಣಕಾಲಿಗೆ ಒಂದು ಎಕ್ಸ್‌ರೇ ಆಗಿರಲಿಲ್ಲ.

ಅವತ್ತೇ ಇನ್ನೊಂದು ವಿಷಯ ಗೊತ್ತಾಯಿತು. ರಾಜ ರಾತ್ರಿ ನರಳಿದಾಗ ಪಕ್ಕದ ಮನೆಯವರು ಕೊಟ್ಟ ಮೈಕೈ ನೋವಿನ ಮಾತ್ರೆಯನ್ನು ಅರ್ಧ ಮಾಡಿ ಎರಡು ಸಲ ಹಾಕಿದ್ದರಂತೆ. ಇದನ್ನು ಓದುವವರು ದಯವಿಟ್ಟು ಗಮನಿಸಿ. ನಾವು ನುಂಗುವ ಐಬುಪ್ರೊಫೇನ್, ಡೈಕ್ಲೊಫೆನಾಕ್‌ನಂಥ ಮಾತ್ರೆಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡ ಕೆಡಿಸುತ್ತವೆ. ಅರ್ಧ ಮಾಡಿ ಕೊಟ್ಟರೂ ಅಪಾಯ ಅಪಾಯವೇ. ನಾಯಿಗೆ ಅಂತಲೇ ನೋವಿನ ಔಷಧಿ ಇದೆ, ಪಶುವೈದ್ಯರೇ ಬರೆದುಕೊಡಬೇಕು. ಆಗಲೇ ಡಾಕ್ಟರಿಗೆ ಫೋನ್ ಮಾಡಿಸಿದೆ.

ಹುಡುಗರ ಗುಂಪಿನ ಜೊತೆ ಮಾತಾಡಲು ಶೋಭಾ ಹೆದರುತ್ತಿದ್ದರು. ಅವರೆಲ್ಲ "ಅಕ್ಕ, ನೀವು ದೇವರಂಥವರು" ಅಂತ ದಿನಾ ಬರೆಯುತ್ತಿದ್ದರು. ದೇವರಂಥವರು ಲೆಕ್ಕ ಕೇಳುವುದು ಹೇಗೆ? ಆದರೂ ಕೇಳಿಸಿದೆ. ನಾಯಿ ಗುಂಪಿನ ಜವಾಬ್ದಾರಿ, ಶೋಭಾ ಮನೆಯವರು ನೋಡಿಕೊಳ್ಳುವವರು, ನಮ್ಮ ಕಡೆಯಿಂದ 30 ಸಾವಿರ, ಉಳಿದದ್ದು ಗುಂಪಿನದು, ನಮಗೆ ಆಗದಿದ್ದರೆ ನಾಯಿಯನ್ನು ಗುಂಪೇ ವಾಪಸ್ ತಗೊಳ್ಳಬೇಕು. ಇಷ್ಟನ್ನು ಬರೆದು ಕಳಿಸಿದರು. ಜನರಿಂದ ದುಡ್ಡು ಕೇಳುವುದಾದರೆ ಆಸ್ಪತ್ರೆಯ ಅಂದಾಜು ಪಟ್ಟಿ ಹಾಕಿ ಕೇಳಿ, ದುಡ್ಡು ಯಾರ ಸ್ವಂತ ಖಾತೆಗೂ ಬೇಡ, ನೇರ ಆಸ್ಪತ್ರೆಗೆ ಹೋಗಲಿ ಅಂತಲೂ ಹೇಳಿದೆ. ಹುಡುಗರಿಗೆ ಬೇಜಾರಾಗಲಿಲ್ಲ. ಅವರಿಗೂ ಹೇಗೆ ಮಾತು ತೆಗೆಯುವುದು ಅಂತ ಗೊತ್ತಿರಲಿಲ್ಲವಂತೆ.

ಶಿವಮೊಗ್ಗದಲ್ಲಿ ನೋಡಿದವರು ಗುಂಡು ತೆಗೆಯುವ ಆಪರೇಷನ್ ಸಾಕು ಅಂದರು, ಮೊದಲು 3 ಕೆಜಿ ಇಳಿಸಿ ಅಂತಲೂ ಅಂದರು. ಕನಿಕರಕ್ಕೆ ಮನೆಮಂದಿಯೆಲ್ಲ ಬಿಸ್ಕತ್ತು, ತುಪ್ಪದ ಚಪಾತಿ ತಿನ್ನಿಸಿದ್ದರು. 8 ವರ್ಷದ ಮಗಳಿಗೆ ತೂಕ ಬರೆದಿಡುವ ಕೆಲಸ ಕೊಟ್ಟರು. ಕ್ಯಾಲೆಂಡರ್‌ನ ಒಂದೊಂದು ಭಾನುವಾರದ ಮನೆಯಲ್ಲೂ ಒಂದೊಂದು ಅಂಕಿ. ಬಿಸ್ಕತ್ತು ಡಬ್ಬಿ ಅಟ್ಟ ಸೇರಿತು.

ಆಪರೇಷನ್ ಆಗಿ ಈಗ 6 ವಾರ. ಓಡಾಟ, ಔಷಧಿ ಸೇರಿ ಮನೆಯವರ ಪಾಲು ಹಾಕಿಕೊಂಡ ಮಿತಿಯೊಳಗೇ ಮುಗಿಯಿತು. ಮೂಳೆ ಮುರಿದಾಗಿನ ಹಾಗೆ ಕಟ್ಟಿಹಾಕಿ ಮಲಗಿಸುವುದಲ್ಲ ಇದು, ಬೇಗ ಆಡಿಸಲು ಶುರುಮಾಡಬೇಕು. ಬೆಳಿಗ್ಗೆ ಸಂಜೆ ಕಾಲನ್ನು ಮೆಲ್ಲಗೆ ಮಡಚಿ ಚಾಚುವ ಕೆಲಸ ಯಜಮಾನರದು. ನಿಧಾನ ನಡಿಗೆ ಶೋಭಾದು. ಊಟದ ತಟ್ಟೆ ಮುಂದೆ ನಿಂತಾಗ ರಾಜ ಆ ಕಾಲಿನ ಬೆರಳು ನೆಲಕ್ಕೆ ತಾಗಿಸುತ್ತೆ, ಓಡುವ ಆಸೆ ಬಂದಾಗ ಮಾತ್ರ ಇನ್ನೂ ಎತ್ತಿಕೊಳ್ಳುತ್ತೆ. ಅತ್ತೆಗೆ ಡಾಕ್ಟರು ಸದ್ಯಕ್ಕೆ ವ್ಯಾಯಾಮ, ಔಷಧಿ ಹೇಳಿದ್ದಾರೆ. ಆಪರೇಷನ್ ಯೋಚನೆ ಆಮೇಲೆ. ಬಳೆ ಬಿಡಿಸಿಕೊಂಡು ಬರಲು ಗಂಡ ಹೆಂಡತಿ ಒಟ್ಟಿಗೆ ಹೋಗಿದ್ದರು. ಖರ್ಚಾಗದೆ ಉಳಿದ ದುಡ್ಡಿಗೆ ಅಂಗಡಿಯ ದುಡ್ಡು ಸೇರಿಸಿ, ಬಡ್ಡಿ ಸಮೇತ ಕಟ್ಟಿ ಒಂದನ್ನು ಬಿಡಿಸಿದ್ದಾರೆ. ಇನ್ನೊಂದು ಅಲ್ಲೇ ಇದೆ.

ಹೋದ ವಾರ ಹುಡುಗರು ಫೋನ್ ಮಾಡಿದ್ದರಂತೆ. ಹುಬ್ಬಳ್ಳಿಯಲ್ಲಿ ಒಂದು ಮನೆ ಸಿಕ್ಕಿದೆ, ಒಳ್ಳೆಯವರು, ತೋಟ ಇದೆ, ರಾಜನನ್ನು ಕೊಡಬಹುದಾ ಅಕ್ಕ ಅಂತ. ಶೋಭಾ ಇನ್ನೂ ಉತ್ತರ ಕೊಟ್ಟಿಲ್ಲ. ಏನು ಹೇಳಲಿ ಮೇಡಂ ಅಂತ ನನ್ನ ಕೇಳಿದರು. ಮೊದಲು ಮನೆಯಲ್ಲಿ ನಾಲ್ಕೂ ಜನರನ್ನು ಕೇಳಿ, ಅತ್ತೆಯನ್ನು ಎರಡು ಸಲ ಕೇಳಿ ಅಂದೆ. ಗುರುವಾರ ಬರುತ್ತಾರೆ.